ಬಣ್ಣ ಬಿಟ್ಟದ್ದು

ಮೊದಲ ದಿನ ನಾನು ಹೆದರಲಿಲ್ಲ.
ಕೆಂಪು ಕಂಡು ಹೆದರುವವನಾಗಿದ್ದರೆ ಕಬ್ಬನ್‌ಪೇಟೆಯಲ್ಲಿ
ನಲವತ್ತೊಂದು ವರ್ಷ ರೇಷ್ಮೆ ಅದ್ದಿ ಬದುಕುತ್ತಿರಲಿಲ್ಲ.
ಬಚ್ಚಲ ಬಲ್ಬಿನ ಕೆಳಗೆ ನಿಂತು ಯೋಚಿಸಿದೆ:
ಕುಂಕುಮವಲ್ಲ, ರಾಣಿಯಲ್ಲ, ಇಟ್ಟಿಗೆಯೂ ಅಲ್ಲ.
ಎರಡನೇ ನೀರಿಗೆ ಇಳಿದ ದಾಳಿಂಬೆ.
ನೋವಿಲ್ಲ, ಉರಿಯಿಲ್ಲ. ನಾಲ್ಕು ದಿನ
ಒಂದೊಂದು ತಂಬಿಗೆ ಹೊಯ್ದು ಸುಮ್ಮನೆ ಹೊರಗೆ ಬಂದೆ.

ಐದನೆಯ ದಿನ, ಹೊಯ್ಯುವ ಮೊದಲೇ, ಸೋನಾಬಾಯಿ ನೋಡಿಬಿಟ್ಟಳು.

ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ
ತುಳಜಾಸಾ ಎಂದು ಹೆಸರು ಹೇಳಿದರೆ
ಕಿಟಕಿಯ ಹುಡುಗ 'ಸಾ'ವನ್ನು ಮರ್ಯಾದೆ ಎಂದುಕೊಂಡು
ತುಳಜಾ, ಹೆಂಗಸು, ಅರವತ್ತಮೂರು ಎಂದು ಟೈಪು ಮಾಡಿದ.
ಗಂಡಸಾಗುವುದಕ್ಕೇ ಅರ್ಧ ದಿನ ಹಿಡಿಯಿತು.

ಡಾಕ್ಟರಮ್ಮ ಬಿಲ್ಲಿನ ಬೆನ್ನಿಗೆ ಚಿತ್ರ ಬರೆದಳು:
ಎರಡು ಅವರೆಕಾಳು, ಎರಡು ನಳಿಕೆ, ಒಂದು ಚೀಲ,
ಚೀಲದ ಕತ್ತಿಗೆ ಒಂದು ನೆಲ್ಲಿಕಾಯಿ.
ಮೇಲೆ ಮೂರು ಚುಕ್ಕೆ ಇಟ್ಟಳು.
ಎಡ ಕಿಡ್ನಿಯಲ್ಲಿ ಒಂದು. ಮೂತ್ರಚೀಲದಲ್ಲಿ ಒಂದು.
ಕೆಳಗೆ ಪ್ರಾಸ್ಟೇಟಿನಲ್ಲಿ ಒಂದು.
"ಹರಡಿಬಿಟ್ಟಿದೆಯಾ?" ಎಂದಳು ಸೋನಾ.
"ಇಲ್ಲಮ್ಮಾ, ಹರಡಿಲ್ಲ. ಮೂರೂ ಬೇರೆ ಬೇರೆ.
ಒಂದರಿಂದ ಇನ್ನೊಂದು ಬಂದದ್ದಲ್ಲ."

ನಗಬೇಕೋ ಅಳಬೇಕೋ ತಿಳಿಯದೆ
ಕಾರ್ಪೊರೇಷನ್ ತನಕ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.
ಬೀದಿಗೆ ಬಂದವಳೇ ಎದುರುಮನೆಗೆ ಕೂಗಿದಳು: "ಹರಡಿಲ್ಲವಂತೆ!"
ಸಂಜೆಯೊಳಗೆ ಅಂಬಾಭವಾನಿ ಗುಡಿಯ ಪ್ರಸಾದ ಬಂತು.
ಮಾತಿನ ಉಳಿದರ್ಧ ಅವಳ ಸೆರಗಿನ ಗಂಟಿನಲ್ಲೇ ಉಳಿಯಿತು.

ರಾತ್ರಿ ಲೆಕ್ಕ ಹಾಕಿದೆ. ಒಂದೇ ಆಗಿದ್ದರೆ
ಹೆಸರು ಹಿಡಿದು ಬೈಯಬಹುದಿತ್ತು.
ಇವರು ಒಂದೇ ವಠಾರದ ಮೂವರು,
ಒಬ್ಬರ ಮುಖ ಒಬ್ಬರು ಕಂಡಿಲ್ಲ;
ಮೋರಿ ಮಾತ್ರ ಒಂದೇ.

ಮುಂದಿನ ಸಲ ಕೇಳಿದೆ: "ಗಾಜಿನ ಮೇಲೆ ಕಂಡದ್ದು ತೋರಿಸಮ್ಮಾ."
ಪರದೆ ತಿರುಗಿಸಿದಳು. ನೇರಳೆ, ಗುಲಾಬಿ.
"ಇದು ಅದರದೇ ಬಣ್ಣವೇ?"
"ಅಲ್ಲ, ನಾವು ಹಾಕಿದ್ದು."
"ಮೂರಕ್ಕೂ ಒಂದೇ ಬಣ್ಣ?"
"ಒಂದೇ."
ಹಾಗಾದರೆ ಮುಂದೆ ಹೇಳಬೇಡಿ, ಎಂದೆ.
ಒಂದೇ ಹಂಡೆಯಲ್ಲಿ ಮುಳುಗಿಸಿ ತೆಗೆದರೆ
ರೇಷ್ಮೆ ಕುಡಿಯುತ್ತದೆ, ಹತ್ತಿ ಮೊಂಡು ಹಿಡಿಯುತ್ತದೆ,
ಜರಿ ತನ್ನ ಪಾಡಿಗೆ ತಾನಿರುತ್ತದೆ.
ಚೀಲದ್ದು ಕಡುನೇರಳೆ, ಒತ್ತೊತ್ತಾಗಿ.
ನೆಲ್ಲಿಕಾಯಿಯದು ಸಣ್ಣ ಸಣ್ಣ ಉಂಗುರ.
ಕಿಡ್ನಿಯದು ಬಣ್ಣವನ್ನೇ ಒಲ್ಲದೆ, ಖಾಲಿ ಖಾಲಿ.
ಮೂರು ನೂಲು.
ಅದ್ದಿದವರು ಯಾರೋ, ಒಳ್ಳೆಯ ಕೈ. ಎಲ್ಲೂ ಮಚ್ಚೆಯಿಲ್ಲ.

"ಬೀಡಿ?" ಇಲ್ಲ. "ಕೆಲಸ?"
ಕೈ ಚಾಚಿದೆ. ಉಗುರಿನ ಬುಡದಲ್ಲಿ ಇನ್ನೂ ನೀಲಿ.
ಹಂಡೆ ಕುದಿಯುವಾಗ ಎದ್ದು ಹೋಗುವಂತಿರಲಿಲ್ಲ;
ಕಟ್ಟಿಕೊಂಡು ಕೂರುತ್ತಿದ್ದೆ, ಗಂಟೆಗಟ್ಟಲೆ.
ಬೀದಿಯ ಮಕ್ಕಳು ಮೋರಿ ನೋಡಿ ಪಂದ್ಯ ಕಟ್ಟುತ್ತಿದ್ದವು,
ಇವತ್ತು ಹಸಿರು, ನಾಳೆ ನವಿಲುಗತ್ತು.
"ಚೀಲದ್ದಕ್ಕೆ ಅದೇ ಕಾರಣ ಇರಬಹುದು."
ಉಳಿದೆರಡಕ್ಕೆ?
ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.

ಎಡದ ಅವರೆಕಾಳು ಹೋಯಿತು, ಚೀಲ ಹೋಯಿತು,
ಅದರ ಜೊತೆಗೆ ನೆಲ್ಲಿಕಾಯಿ.
ಹೊಟ್ಟೆಯ ಬಲಕ್ಕೆ ಈಗ ಪ್ಲಾಸ್ಟಿಕ್ಕಿನದೊಂದು.
ಬೆಳಗ್ಗೆ ಖಾಲಿ ಮಾಡುವ ಮುಂಚೆ, ಲಡಿ ಹಿಡಿದ ಹಾಗೆ,
ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತೇನೆ.
ಗಿರಾಕಿಗಳ ಬಾಕಿ ಗುರುತು ಹಾಕುತ್ತಿದ್ದ ಕ್ಯಾಲೆಂಡರಿನಲ್ಲಿ
ಸೋನಾ ಬರೆದುಕೊಳ್ಳುತ್ತಾಳೆ:
ಸೋಮವಾರ, ನಿಂಬೆ. ಮಂಗಳವಾರ, ಒಣಹುಲ್ಲು.
ಬುಧವಾರ ಎಷ್ಟು ಹೊತ್ತು ನೋಡಿದರೂ ಹೆಸರು ಸಿಗಲಿಲ್ಲ.
ತಿಳಿ. ತುಂಬ ತಿಳಿ.
ನಲವತ್ತೊಂದು ವರ್ಷದಲ್ಲಿ ಈ ಬಣ್ಣ ಬೇಕೆಂದು
ಒಬ್ಬರೂ ಬಂದಿರಲಿಲ್ಲ.